ತಾಂತ್ರಿಕ ವಿದ್ಯಾರ್ಥಿಗೆ ಲಿನಕ್ಸ್ ಬೇಕೇ?

ಇಂಜಿನಿಯರಿಂಗ್ ಕಾಲೇಜಿಗೆ ಮಗನೋ ಮಗಳೋ ಸೇರಿದೊಡನೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಕಂಪ್ಯೂಟರಿನದು. ಯಾವುದನ್ನು ಕೊಳ್ಳಬೇಕು, ಎಷ್ಟು ಹಣ ಹಿಡಿಯುತ್ತದೆ, ಅಣ್ಣ ಬಳಸಿ ಬಿಟ್ಟ ಹಳೆಯದೇ ಸಾಕಾದೀತೇ ಎಂದು ತಂದೆತಾಯಿಗಳು ನಾಲ್ಕು ಜನರನ್ನು ವಿಚಾರಿಸುತ್ತಾರೆ. ಕಲಬುರಗಿಯ ಶಹಾಬಜಾರದಂಥ ಹಳೆಯ ಬಡಾವಣೆಯ ಮನೆಯಾಗಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಕಡೆಯ ಒಕ್ಕಲುಮನೆಯಾಗಲಿ, ತೊಗರಿ ಮಾರಿ ಬಂದ ಹಣದಲ್ಲೋ ತಿಂಗಳ ಸಂಬಳದಲ್ಲೋ ಒಂದು ಪಾಲನ್ನು ಇದಕ್ಕೆಂದು ಎತ್ತಿಡುವುದು ಸಣ್ಣ ಮಾತಲ್ಲ. ಆದರೆ ಹೀಗೆ ಕೊಂಡು ತಂದ ಯಂತ್ರದ ಒಳಗೆ ಯಾವ ವ್ಯವಸ್ಥೆ ಓಡಬೇಕು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಅಂಗಡಿಯವನು ಹಾಕಿಕೊಟ್ಟದ್ದೇ ಪ್ರಮಾಣವಾಗುತ್ತದೆ. ಆ ಕೇಳದೆ ಉಳಿದ ಪ್ರಶ್ನೆಯನ್ನು ಇಂದು ಕೇಳಿ ನೋಡೋಣ. ಇಂಜಿನಿಯರಿಂಗ್ ಮತ್ತು ಗಣಕವಿಜ್ಞಾನವನ್ನು ಓದುವ ವಿದ್ಯಾರ್ಥಿಗಳು ಲಿನಕ್ಸ್ ಎಂಬ ವ್ಯವಸ್ಥೆಯನ್ನು ಬಳಸಬೇಕೇ? ಬಳಸಬೇಕೆಂದಾದರೆ ಏಕೆ, ಎಷ್ಟರ ಮಟ್ಟಿಗೆ?

ಮೊದಲು ಒಂದು ವಿವರಣೆ. ಕಂಪ್ಯೂಟರಿನಲ್ಲಿ ನಾವು ಕಣ್ಣಿಗೆ ಕಾಣುವಂತೆ ಬಳಸುವ ಪ್ರೋಗ್ರಾಮುಗಳೆಲ್ಲವುಗಳ ಕೆಳಗೆ, ಅವುಗಳನ್ನು ಹೊತ್ತು ನಡೆಸುವ ಇನ್ನೊಂದು ದೊಡ್ಡ ಪ್ರೋಗ್ರಾಮು ಇರುತ್ತದೆ. ಅದೇ ಆಪರೇಟಿಂಗ್ ಸಿಸ್ಟಮ್, ಅಂದರೆ ಕಾರ್ಯಾಚರಣೆಯ ವ್ಯವಸ್ಥೆ. ಯಂತ್ರದ ಸ್ಮರಣೆಯನ್ನು ಯಾರಿಗೆ ಎಷ್ಟು ಹಂಚಬೇಕು, ಏಕಕಾಲಕ್ಕೆ ಓಡುವ ಹತ್ತಾರು ಪ್ರೋಗ್ರಾಮುಗಳಲ್ಲಿ ಈ ಗಳಿಗೆಯಲ್ಲಿ ಯಾವುದಕ್ಕೆ ಪ್ರೊಸೆಸರನ್ನು ಕೊಡಬೇಕು, ಯಾವ ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನೆಲ್ಲ ನಿರ್ಧರಿಸುವುದು ಇದರ ಕೆಲಸ. ಮೈಕ್ರೋಸಾಫ್ಟ್ ಕಂಪೆನಿಯ ವಿಂಡೋಸ್ ಇಂಥದೊಂದು ವ್ಯವಸ್ಥೆ, ಲಿನಕ್ಸ್ ಇನ್ನೊಂದು. ಇಬ್ಬರೂ ಮಾಡುವ ಕೆಲಸ ಸ್ಥೂಲವಾಗಿ ಒಂದೇ. ಭೇದವಿರುವುದು ಬಾಗಿಲಿನಲ್ಲಿ. ಒಂದರ ಬಾಗಿಲು ಬೀಗ ಹಾಕಿದ್ದು, ಇನ್ನೊಂದರದು ತೆರೆದದ್ದು.

ಈ ಮಾತನ್ನು ಬಿಡಿಸಿ ಹೇಳಬೇಕಾದರೆ ಲಿನಕ್ಸ್ ಹುಟ್ಟಿದ ಬಗೆಯನ್ನು ತಿಳಿಯಬೇಕು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಎಂಬವರು ಯೂನಿಕ್ಸ್ ಎಂಬ ವ್ಯವಸ್ಥೆಯನ್ನು ರೂಪಿಸತೊಡಗಿದರು. ಇಂದಿಗೂ ನಮ್ಮ ಕಾಲೇಜುಗಳಲ್ಲಿ ಕಲಿಸುವ ಸಿ ಭಾಷೆ ಹುಟ್ಟಿದ್ದು ಆ ಕೆಲಸದ ಜತೆಯಲ್ಲಿಯೇ. ಯೂನಿಕ್ಸ್ ವಿಶ್ವವಿದ್ಯಾಲಯಗಳಲ್ಲಿ ಹರಡಿತು, ಆದರೆ ಬರಬರುತ್ತ ಅದರ ಮೂಲಬರಹ ಪರವಾನಗಿಯ ಕಟ್ಟಿಗೆ ಸಿಕ್ಕಿಕೊಂಡಿತು. ವಿದ್ಯಾರ್ಥಿಗಳಿಗೆ ಪಾಠ ಹೇಳಲು ಆಧಾರವೇ ಇಲ್ಲದಂತಾದಾಗ, ಹಾಲೆಂಡಿನ ಪ್ರಾಧ್ಯಾಪಕ ಆಂಡ್ರ್ಯೂ ಟ್ಯಾನೆನ್‌ಬಾಮ್ ಅವರು ಮಿನಿಕ್ಸ್ ಎಂಬ ಪುಟ್ಟ ವ್ಯವಸ್ಥೆಯನ್ನು ತಾವೇ ಬರೆದು, 1987ರಲ್ಲಿ ತಮ್ಮ ಪಠ್ಯಪುಸ್ತಕದೊಡನೆ ಪ್ರಕಟಿಸಿದರು. ಆ ಪುಸ್ತಕವನ್ನು ಓದಿದವರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬನಿದ್ದ. ಅವನ ಹೆಸರು ಲೀನಸ್ ಟೋರ್ವಾಲ್ಡ್ಸ್. 1991ರ ಆರಂಭದಲ್ಲಿ ಕೊಂಡ ತನ್ನ ಹೊಸ ಕಂಪ್ಯೂಟರಿನ ಪ್ರೊಸೆಸರು ಹೇಗೆ ಕೆಲಸ ಮಾಡುತ್ತದೆಂದು ತಿಳಿಯುವ ಹಂಬಲದಿಂದ ಅವನು ಸಣ್ಣ ಸಣ್ಣ ಪ್ರೋಗ್ರಾಮುಗಳನ್ನು ಬರೆಯತೊಡಗಿದ. ಆ ವರ್ಷದ ಆಗಸ್ಟ್ 25ರಂದು, ತಾನೊಂದು ಕಾರ್ಯಾಚರಣೆಯ ವ್ಯವಸ್ಥೆಯನ್ನು ಬರೆಯುತ್ತಿರುವೆನೆಂದು ಬೇರೆ ಆಸಕ್ತರಿಗೆ ತಿಳಿಸಿದ. ಆಗ ಅವನ ವಯಸ್ಸು 21. ಸೆಪ್ಟೆಂಬರಿನಲ್ಲಿ ಹೊರಬಂದ ಮೊದಲ ಆವೃತ್ತಿ ಸುಮಾರು 10,000 ಸಾಲುಗಳದ್ದು. ಇಂದು ಅದೇ ಲಿನಕ್ಸ್‌ನ ತಿರುಳು 3 ಕೋಟಿ ಸಾಲುಗಳನ್ನು ಮೀರಿದೆ. ಜಗತ್ತಿನ ಸಾವಿರಾರು ಜನ ಅದಕ್ಕೆ ಕೈ ಸೇರಿಸಿದ್ದಾರೆ.

1992ರ ಜನವರಿಯಲ್ಲಿ ಟ್ಯಾನೆನ್‌ಬಾಮ್ ಅವರು ಲಿನಕ್ಸ್‌ನ ವಿನ್ಯಾಸವೇ ಹಳತಾದುದೆಂದು ಬಹಿರಂಗವಾಗಿ ಟೀಕಿಸಿದರು. ವಿದ್ಯಾರ್ಥಿಯು ಅಂಜದೆ ಉತ್ತರ ಕೊಟ್ಟ. ವಿನ್ಯಾಸದ ದೃಷ್ಟಿಯಿಂದ ಯಾರು ಸರಿ ಎಂಬುದನ್ನು ಪಂಡಿತರು ಇನ್ನೂ ಚರ್ಚಿಸುತ್ತಾರೆ. ನಮಗೆ ಮುಖ್ಯವಾದುದು ಬೇರೆ. ವಿದ್ಯಾರ್ಥಿಗಳು ಲಿನಕ್ಸ್ ಬಳಸಬೇಕೇ ಎಂದು ನಾವಿಂದು ಕೇಳುತ್ತಿದ್ದೇವೆ. ಆದರೆ ಲಿನಕ್ಸ್ ಎಂಬುದೇ ಒಬ್ಬ ವಿದ್ಯಾರ್ಥಿಯ ಕಲಿಕೆಯ ಫಲ. ಬಿಚ್ಚಿ ನೋಡಬಹುದಾದ ಒಂದು ಯಂತ್ರ, ಓದಬಹುದಾದ ಒಂದು ಮೂಲಬರಹ, ಇವೆರಡೂ ದೊರೆತದ್ದರಿಂದ ಅವನು ಕಲಿತ. ಕಲಿತುದನ್ನು ಮುಚ್ಚಿಡದೆ ಇತರರ ಮುಂದಿಟ್ಟ.

ಮುಂದಿಟ್ಟ ಬಗೆಯೂ ಗಮನಾರ್ಹ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದ್ದರು. ಎಲ್ಲರೂ ಬಳಸಬಹುದಾದ, ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶವನ್ನು ಕಟ್ಟುವುದು ಅದರ ಗುರಿ. ಅದಕ್ಕಾಗಿ ಅವರು ರೂಪಿಸಿದ ಜಿಪಿಎಲ್ ಎಂಬ ಪರವಾನಗಿಯನ್ನು ಟೋರ್ವಾಲ್ಡ್ಸ್ 1992ರಲ್ಲಿ ತನ್ನ ಲಿನಕ್ಸ್‌ಗೆ ಅನ್ವಯಿಸಿದ. ಈ ಪರವಾನಗಿಯ ಮರ್ಮ ನಮ್ಮ ಕಡೆಯ ರೈತನಿಗೆ ಬೇಗ ತಿಳಿಯುತ್ತದೆ. ತೊಗರಿ ಬೆಳೆದ ರೈತನು ರಾಶಿಯಲ್ಲಿ ಒಳ್ಳೆಯ ಕಾಳನ್ನು ಆರಿಸಿ ಮುಂದಿನ ಮುಂಗಾರಿಗೆ ಬೀಜವೆಂದು ಕಟ್ಟಿಡಬಲ್ಲ. ನೆರೆಯವನಿಗೆ ನಾಲ್ಕು ಸೇರು ಕೊಡಬಲ್ಲ. ಸಂಕರ ಹತ್ತಿಯ ಬೀಜದ ವಿಷಯ ಹಾಗಲ್ಲ. ಅದರ ಇಳುವರಿ ಒಳ್ಳೆಯದಿರಬಹುದು, ಆದರೆ ಬೆಳೆದುದರಿಂದ ಬೀಜ ಎತ್ತಿಟ್ಟರೆ ಅದೇ ಗುಣ ಬರುವುದಿಲ್ಲ. ಪ್ರತಿವರ್ಷ ಅಂಗಡಿಗೆ ಹೋಗಲೇಬೇಕು. ಲಿನಕ್ಸ್ ಕಟ್ಟಿಡಬಹುದಾದ ಬೀಜದ ಜಾತಿಗೆ ಸೇರಿದ್ದು. ಜಿಪಿಎಲ್ ಇನ್ನೊಂದು ಕರಾರನ್ನೂ ಸೇರಿಸುತ್ತದೆ: ಈ ಬೀಜವನ್ನು ನೀವು ಸುಧಾರಿಸಿ ಇನ್ನೊಬ್ಬರಿಗೆ ಕೊಡುವುದಾದರೆ, ಅದನ್ನು ಮತ್ತೆ ಬಿತ್ತುವ, ಹಂಚುವ ಹಕ್ಕನ್ನೂ ಅವರಿಗೆ ಕೊಡಬೇಕು. ಬೆಲೆ ತೆಗೆದುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಹಕ್ಕನ್ನು ಕಸಿಯುವುದಕ್ಕೆ ಮಾತ್ರ ಅಡ್ಡಿ. ಆದುದರಿಂದ ಲಿನಕ್ಸ್ ಎಂದರೆ ಪುಕ್ಕಟೆ ಸಾಮಾನು ಎಂದಷ್ಟೇ ತಿಳಿಯುವುದು ಅರ್ಧ ತಿಳಿವಳಿಕೆ.

ಇಂಥ ವ್ಯವಸ್ಥೆಯನ್ನು ಇಂದು ಯಾರು ಬಳಸುತ್ತಾರೆ? ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದೀಚೆಗೆ ಎಲ್ಲವೂ ಲಿನಕ್ಸ್ ಮೇಲೆಯೇ ಓಡುತ್ತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗ ಎಂಬ ಯಂತ್ರವೂ ಲಿನಕ್ಸ್‌ನದೇ. ಅಂಗಿಯ ಜೇಬಿನಲ್ಲಿರುವ ಆಂಡ್ರಾಯ್ಡ್ ದೂರವಾಣಿಯ ತಿರುಳು ಕೂಡ ಲಿನಕ್ಸ್. 2021ರ ಏಪ್ರಿಲ್ 19ರಂದು ಮಂಗಳ ಗ್ರಹದ ಮೇಲೆ ಹಾರಿದ ಇಂಜೆನ್ಯುಯಿಟಿ ಎಂಬ ಪುಟ್ಟ ಹೆಲಿಕಾಪ್ಟರಿನ ಒಳಗೂ ಅದೇ ಇತ್ತು. ಮೈಕ್ರೋಸಾಫ್ಟ್ ಕಂಪೆನಿಯ ಆಗಿನ ಮುಖ್ಯಸ್ಥ ಸ್ಟೀವ್ ಬಾಮರ್ 2001ರಲ್ಲಿ ಲಿನಕ್ಸನ್ನು ಅರ್ಬುದರೋಗಕ್ಕೆ ಹೋಲಿಸಿದ್ದರು. ಅದೇ ಕಂಪೆನಿ 2016ರಲ್ಲಿ ವಿಂಡೋಸ್‌ನ ಒಳಗೇ ಲಿನಕ್ಸ್ ಪ್ರೋಗ್ರಾಮುಗಳನ್ನು ಓಡಿಸುವ ಏರ್ಪಾಟನ್ನು ಮಾಡಿಕೊಟ್ಟಿತು. ಕಂಪ್ಯೂಟರ್ ಉದ್ಯೋಗವನ್ನು ಅರಸುವ ತರುಣರಿಗೆ ಇದರ ಅರ್ಥ ಸ್ಪಷ್ಟ. ಅವರು ಮೇಜಿನ ಮೇಲೆ ಏನನ್ನೇ ಇಟ್ಟುಕೊಳ್ಳಲಿ, ಅವರು ಬರೆದ ಪ್ರೋಗ್ರಾಮು ಕಟ್ಟಕಡೆಗೆ ಹೋಗಿ ಓಡುವುದು ಬಹುತೇಕ ಯಾವುದೋ ಲಿನಕ್ಸ್ ಯಂತ್ರದ ಮೇಲೆ.

ಆದರೆ ಉದ್ಯೋಗದ ಕಾರಣವನ್ನು ನಾನು ಎರಡನೆಯದೆಂದು ಎಣಿಸುತ್ತೇನೆ. ಮೊದಲನೆಯದು ಕಲಿಕೆಯದು. ವೈದ್ಯವಿದ್ಯಾರ್ಥಿಗೆ ದೇಹದ ಹೊರಮೈಯನ್ನು ಮಾತ್ರ ತೋರಿಸಿ, ಒಳಗಿನದನ್ನು ಚಿತ್ರದಲ್ಲಿ ನೋಡಿಕೋ ಎಂದರೆ ಹೇಗಾದೀತು? ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ನಾವು ಅನೇಕ ಸಲ ಮಾಡುತ್ತಿರುವುದು ಅದನ್ನೇ. ಪ್ರೊಸೆಸ್ ಎಂದರೇನು, ಸ್ಮರಣೆಯ ಹಂಚಿಕೆ ಹೇಗೆ, ವೇಳಾಪಟ್ಟಿ ಹೇಗೆ ಎಂಬ ಪ್ರಶ್ನೆಗಳಿಗೆ ಅವರು ಪುಟಗಟ್ಟಲೆ ಉತ್ತರ ಬರೆಯುತ್ತಾರೆ. ಒಂದು ಪ್ರೊಸೆಸನ್ನು ಕಣ್ಣಾರೆ ಕಂಡಿರುವುದಿಲ್ಲ. ಲಿನಕ್ಸ್ ಯಂತ್ರದ ಮುಂದೆ ಕುಳಿತು ‘ಪಿಎಸ್’ ಎಂಬ ಎರಡಕ್ಷರದ ಆಜ್ಞೆಯನ್ನು ತಕ್ಕ ಸೂಚನೆಯೊಡನೆ ಕೊಟ್ಟರೆ, ಆ ಕ್ಷಣದಲ್ಲಿ ಯಂತ್ರದಲ್ಲಿ ಜೀವಂತವಾಗಿರುವ ಪ್ರೊಸೆಸುಗಳೆಲ್ಲ ತಮ್ಮ ಕ್ರಮಾಂಕಸಹಿತ ಸಾಲಾಗಿ ನಿಲ್ಲುತ್ತವೆ. ‘ಪ್ರಾಕ್’ ಎಂಬ ಕಡತಕೋಶವನ್ನು ಹೊಕ್ಕರೆ, ಪ್ರತಿಯೊಂದು ಪ್ರೊಸೆಸಿಗೂ ಒಂದೊಂದು ಕೋಣೆ. ಅದರಲ್ಲಿ ಅದು ಎಷ್ಟು ಸ್ಮರಣೆಯನ್ನು ಹಿಡಿದಿದೆ, ಯಾವ ಕಡತಗಳನ್ನು ತೆರೆದಿದೆ ಎಂಬ ವಿವರ. ‘ಫೋರ್ಕ್’ ಎಂಬ ಕರೆಯನ್ನು ಸಿ ಭಾಷೆಯ ಹತ್ತು ಸಾಲಿನ ಪ್ರೋಗ್ರಾಮಿನಲ್ಲಿ ಬರೆದು ಓಡಿಸಿದರೆ, ಒಂದು ಪ್ರೊಸೆಸು ತನ್ನಂಥದೇ ಇನ್ನೊಂದನ್ನು ಹಡೆಯುವುದನ್ನೂ, ತಾಯಿ ಕಾಯದೆ ಹೋದರೆ ಸತ್ತ ಕೂಸಿನ ಹೆಸರು ಪಟ್ಟಿಯಲ್ಲಿ ಪ್ರೇತದಂತೆ ಉಳಿಯುವುದನ್ನೂ ನೋಡಬಹುದು. ಪಠ್ಯಪುಸ್ತಕದ ಅಧ್ಯಾಯವೊಂದು ಹೀಗೆ ಅರ್ಧ ಗಂಟೆಯಲ್ಲಿ ಅನುಭವಕ್ಕೆ ಬರುತ್ತದೆ. ಇನ್ನೂ ಕುತೂಹಲವಿದ್ದರೆ ಆ ಕರೆಯ ಮೂಲಬರಹವನ್ನೇ ತೆರೆದು ಓದಬಹುದು. ಓದಲು ಯಾರ ಅಪ್ಪಣೆಯೂ ಬೇಕಿಲ್ಲ.

ಯೂನಿಕ್ಸ್‌ನಿಂದ ಲಿನಕ್ಸ್‌ಗೆ ಬಂದ ಇನ್ನೊಂದು ಆಸ್ತಿಯೆಂದರೆ, ಸಣ್ಣ ಹತಾರಗಳನ್ನು ಜೋಡಿಸಿ ದೊಡ್ಡ ಕೆಲಸ ಮಾಡುವ ಪದ್ಧತಿ. ಡಗ್ಲಸ್ ಮೆಕಿಲ್‌ರಾಯ್ ಅವರ ಸೂಚನೆಯ ಮೇರೆಗೆ 1973ರಲ್ಲಿ ಯೂನಿಕ್ಸ್‌ಗೆ ‘ಪೈಪ್’ ಸೇರಿತು. ಪೈಪ್ ಎಂದರೆ ಕೊಳವೆ. ಒಂದು ಪ್ರೋಗ್ರಾಮಿನಿಂದ ಹೊರಬಿದ್ದುದನ್ನು ಇನ್ನೊಂದರ ಬಾಯಿಗೆ ಹರಿಸುವ ಏರ್ಪಾಟು. ಒಂದು ಉದಾಹರಣೆ ನೋಡೋಣ. ರಾಜ್ಯದ ಹಲವು ಮಾರುಕಟ್ಟೆಗಳ ತೊಗರಿ ಧಾರಣೆ ಒಂದು ವರ್ಷದ್ದು ಒಂದೇ ಕಡತದಲ್ಲಿದೆಯೆಂದು ಇಟ್ಟುಕೊಳ್ಳಿ. ಪ್ರತಿ ಸಾಲಿನಲ್ಲೂ ತಾರೀಖು, ಊರು, ಬೆಲೆ. ಕಲಬುರಗಿಯಲ್ಲಿ ಅತಿ ಹೆಚ್ಚು ಬೆಲೆ ಸಿಕ್ಕ ಹತ್ತು ದಿನಗಳು ಯಾವುವು? ‘ಗ್ರೆಪ್’ ಎಂಬುದು ಕಲಬುರಗಿಯ ಸಾಲುಗಳನ್ನು ಮಾತ್ರ ಆರಿಸುತ್ತದೆ. ‘ಸಾರ್ಟ್’ ಅವನ್ನು ಬೆಲೆಯ ಕ್ರಮದಲ್ಲಿ ಏರಿಕೆಯಾಗಿ ಜೋಡಿಸುತ್ತದೆ. ‘ಟೇಲ್’ ಕೊನೆಯ ಹತ್ತು ಸಾಲುಗಳನ್ನು ಕತ್ತರಿಸಿ ಕೊಡುತ್ತದೆ. ಮೂರನ್ನೂ ಕೊಳವೆಯಿಂದ ಕೂಡಿಸಿ ಒಂದೇ ಸಾಲಿನಲ್ಲಿ ಬರೆದರೆ ಉತ್ತರ ಸಿದ್ಧ. ಕೇರುವುದು, ಸೋಸುವುದು, ಅಳೆಯುವುದು ಎಂದು ಕಣದಲ್ಲಿ ನಡೆಯುವ ಕೆಲಸದ ಕ್ರಮವೇ ಇದು. ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು, ಒಂದೊಂದನ್ನೂ ಬೇರೆಯಾಗಿ ಪರೀಕ್ಷಿಸಿ, ಬಳಿಕ ಕೂಡಿಸುವುದೇ ಇಂಜಿನಿಯರನ ಮನೋಧರ್ಮವಲ್ಲವೇ?

ಇಲ್ಲಿಯವರೆಗೆ ಹೊಗಳಿದ್ದಾಯಿತು. ಅಡಚಣೆಗಳನ್ನು ಮುಚ್ಚಿಟ್ಟರೆ ವಿದ್ಯಾರ್ಥಿಗಳಿಗೆ ಅನ್ಯಾಯ ಮಾಡಿದಂತಾಗುತ್ತದೆ. ಇಂಜಿನಿಯರಿಂಗ್ ಎಂಬುದು ಒಂದೇ ವಿದ್ಯೆಯಲ್ಲ. ಸಿವಿಲ್ ಓದುವವರಿಗೆ ಆಟೋಕ್ಯಾಡ್, ಮೆಕ್ಯಾನಿಕಲ್ ಓದುವವರಿಗೆ ಸಾಲಿಡ್‌ವರ್ಕ್ಸ್ ಮುಂತಾದವು ಉದ್ಯೋಗದಲ್ಲಿ ಬೇಕಾಗುವ ತಂತ್ರಾಂಶಗಳು. ಇವು ಲಿನಕ್ಸ್ ಮೇಲೆ ಓಡುವಂತೆ ಮಾಡಿದವಲ್ಲ. ಲಿನಕ್ಸ್‌ನಲ್ಲಿ ಫ್ರೀಕ್ಯಾಡ್ ಇದೆ, ಭೂಪಟಗಳ ಕೆಲಸಕ್ಕೆ ಕ್ಯೂಜಿಐಎಸ್ ಇದೆ, ದ್ರವಗಳ ಹರಿವಿನ ಲೆಕ್ಕಕ್ಕೆ ಓಪನ್‌ಫೋಮ್ ಇದೆ, ವಿದ್ಯುನ್ಮಂಡಲಗಳ ವಿನ್ಯಾಸಕ್ಕೆ ಕಿಕ್ಯಾಡ್ ಇದೆ. ಇವು ಕಲಿಯಲು ಉತ್ತಮ, ಕೆಲವು ವೃತ್ತಿಯಲ್ಲೂ ಬಳಕೆಯಲ್ಲಿವೆ. ಆದರೂ ಗುತ್ತಿಗೆದಾರರ ಕಚೇರಿಯಲ್ಲಿ ಆಟೋಕ್ಯಾಡ್ ಕೇಳಿದರೆ ಬೇರೊಂದರ ಹೆಸರು ಹೇಳಿ ಪ್ರಯೋಜನವಿಲ್ಲ. ಕೆಲವು ಪ್ರಿಂಟರುಗಳೂ ನಿಸ್ತಂತು ಜಾಲದ ಬಿಡಿಭಾಗಗಳೂ ಲಿನಕ್ಸ್‌ನೊಡನೆ ಹಟ ಮಾಡುವುದುಂಟು. ಮೇಲ್ವಿಚಾರಣೆಯ ಆನ್‌ಲೈನ್ ಪರೀಕ್ಷೆಗಳ ತಂತ್ರಾಂಶಗಳಲ್ಲಿ ಎಷ್ಟೋ ವಿಂಡೋಸನ್ನೇ ಬಯಸುತ್ತವೆ. ಆದುದರಿಂದ ನನ್ನ ಉತ್ತರ ಎರಡು ಬಗೆಯದು. ಗಣಕವಿಜ್ಞಾನ, ಮಾಹಿತಿ ತಂತ್ರಜ್ಞಾನ, ಎಲೆಕ್ಟ್ರಾನಿಕ್ಸ್ ಓದುವವರಿಗೆ ಲಿನಕ್ಸ್ ಅನಿವಾರ್ಯ. ಅದು ಅವರ ಪ್ರಯೋಗಶಾಲೆ. ಉಳಿದ ಶಾಖೆಗಳವರು ಒಂದೇ ಯಂತ್ರದಲ್ಲಿ ಎರಡನ್ನೂ ಇಟ್ಟುಕೊಂಡು, ಲೆಕ್ಕಾಚಾರದ ಕೆಲಸಕ್ಕೂ ಪ್ರೋಗ್ರಾಮು ಬರೆಯುವುದಕ್ಕೂ ಲಿನಕ್ಸನ್ನು, ವೃತ್ತಿಯ ವಿಶೇಷ ತಂತ್ರಾಂಶಕ್ಕೆ ವಿಂಡೋಸನ್ನು ಬಳಸುವುದು ವಿವೇಕ.

ಹಣದ ಪ್ರಶ್ನೆಗೂ ಉತ್ತರ ಹೇಳಬೇಕು. ಬಿಡಿಭಾಗಗಳನ್ನು ಕೂಡಿಸಿ ಕಟ್ಟಿದ ಯಂತ್ರಗಳಲ್ಲಿ ಪರವಾನಗಿಯಿಲ್ಲದ ಕಳ್ಳಪ್ರತಿಗಳನ್ನು ಹಾಕಿಕೊಡುವ ರೂಢಿ ನಮ್ಮ ದೇಶದಲ್ಲಿ ಬಹುಕಾಲದಿಂದ ಇದೆ. ಕೊಂಡವರಿಗೆ ಅದು ಕಳವು ಎಂದು ತೋರುವುದೂ ಇಲ್ಲ. ನೀತಿಯ ಮಾತು ಒತ್ತಟ್ಟಿಗಿರಲಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಜಗತ್ತಿನಾದ್ಯಂತ ಹಬ್ಬಿ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿದಾಗ, ಅದಕ್ಕೆ ತುತ್ತಾದವು ಸಕಾಲಕ್ಕೆ ದುರಸ್ತಿಯ ತೇಪೆ ಹಾಕಿಸಿಕೊಳ್ಳದ ವಿಂಡೋಸ್ ಯಂತ್ರಗಳು. ಕಳ್ಳಪ್ರತಿಯುಳ್ಳವರು ಆ ತೇಪೆಯಿಂದ ದೂರವೇ ಉಳಿಯುವುದು ಹೆಚ್ಚು. ಮತ್ತೊಂದು ಸಂಗತಿ: 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ನಿಂತುಹೋಯಿತು. ಅದರ ಮುಂದಿನ ವಿಂಡೋಸ್ 11, ಯಂತ್ರದಲ್ಲಿ ಕೆಲವು ಹೊಸ ಭದ್ರತಾ ಸೌಕರ್ಯಗಳಿರಬೇಕೆಂದು ವಿಧಿಸುತ್ತದೆ. ಅವಿಲ್ಲದ ಎಷ್ಟೋ ಗಟ್ಟಿಮುಟ್ಟಾದ ಹಳೆಯ ಕಂಪ್ಯೂಟರುಗಳು ಅನರ್ಹವಾದವು. ಅಂಥದನ್ನು ರದ್ದಿಗೆ ಹಾಕಿ ಹೊಸದಕ್ಕೆ ಸಾಲ ಮಾಡುವ ಮೊದಲು, ಅದರಲ್ಲಿ ಲಿನಕ್ಸ್ ಮಿಂಟ್, ಕ್ಸುಬುಂಟು, ಲುಬುಂಟು ಇವುಗಳಲ್ಲಿ ಒಂದನ್ನು ಹಾಕಿ ನೋಡಬೇಕು. ನಾಲ್ಕು ಜಿಬಿ ಸ್ಮರಣೆಯ ಯಂತ್ರವೂ ಇನ್ನೂ ಕೆಲವು ವರ್ಷ ವಿದ್ಯಾರ್ಥಿಯ ಕೆಲಸಕ್ಕೆ ಬಂದೀತು.

ಹಾಗೆಂದು ಲಿನಕ್ಸ್‌ಗೆ ರೋಗವೇ ಇಲ್ಲವೆಂದು ಭಾವಿಸಬಾರದು. 2024ರ ಮಾರ್ಚಿನಲ್ಲಿ, ಕಡತಗಳನ್ನು ಅಡಕಗೊಳಿಸುವ ‘ಎಕ್ಸ್‌ಜೆಡ್’ ಎಂಬ ಮುಕ್ತ ತಂತ್ರಾಂಶದೊಳಗೆ ಯಾರೋ ಬಹುಕಾಲದ ಹೊಂಚಿನಿಂದ ಕಳ್ಳಬಾಗಿಲೊಂದನ್ನು ಸೇರಿಸಿದ್ದು ಬೆಳಕಿಗೆ ಬಂತು. ಅದನ್ನು ಕಂಡುಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು. ಯಂತ್ರದೊಳಗೆ ಪ್ರವೇಶ ಪಡೆಯಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂಬುದು ಅವರ ಗಮನಕ್ಕೆ ಬಂದಿತ್ತು. ಏಕೆ ಹೀಗೆ ಎಂದು ಬೆನ್ನುಹತ್ತಿದರು. ಮೂಲದವರೆಗೆ ಹೋಗಿ ನೋಡಲು ಬಾಗಿಲು ತೆರೆದಿತ್ತು. ಬಾಗಿಲು ತೆರೆದಿದ್ದ ಮಾತ್ರಕ್ಕೆ ಮನೆ ಭದ್ರವಾಗುವುದಿಲ್ಲ; ಒಳಹೊಕ್ಕು ನೋಡುವ ಕಣ್ಣೂ ಬೇಕು. ಆ ಕಣ್ಣುಳ್ಳವರನ್ನು ತಯಾರು ಮಾಡುವುದೇ ತಾಂತ್ರಿಕ ಶಿಕ್ಷಣದ ಕೆಲಸ.

ಕನ್ನಡದ ಗತಿಯೇನು ಎಂದು ನೀವು ಕೇಳಬಹುದು. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸ ಲಿನಕ್ಸ್‌ನಲ್ಲಿಯೂ ದೊರೆಯುತ್ತದೆ. ಗುಬ್ಬಿ, ನವಿಲು ಎಂಬ ಹೆಸರಿನ ಕನ್ನಡ ಅಕ್ಷರವಿನ್ಯಾಸಗಳು ಮುಕ್ತ ಪರವಾನಗಿಯಲ್ಲಿವೆ. ಹಳೆಯ ನುಡಿ ತಂತ್ರಾಂಶದಲ್ಲಿ, ಯೂನಿಕೋಡ್ ಅಲ್ಲದ ಸಂಕೇತದಲ್ಲಿ ಬರೆದ ಕಡತಗಳು ಮಾತ್ರ ಪರಿವರ್ತಿಸದೆ ಓದಲು ಬರುವುದಿಲ್ಲ. ಈ ತೊಡಕು ವಿಂಡೋಸ್‌ನಲ್ಲಿಯೂ ಬೇರೆ ರೂಪದಲ್ಲಿ ಇದ್ದೇ ಇದೆ.

ನಮ್ಮ ನಾಡಿನಲ್ಲಿ ಲಿನಕ್ಸ್‌ನಿಂದ ಏನು ಸಾಧ್ಯವೆಂಬುದಕ್ಕೆ ಒಂದು ಹಳೆಯ ನಿದರ್ಶನವಿದೆ. 2001ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಕೆಲವರು ಬೆಂಗಳೂರಿನ ಎನ್‌ಕೋರ್ ಕಂಪೆನಿಯೊಡನೆ ಸೇರಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರನ್ನು ರೂಪಿಸಿದರು. ಓದುಬರಹ ಬಾರದ ಹಳ್ಳಿಗರೂ ಬಳಸುವಂತಾಗಲೆಂಬುದು ಅವರ ಆಶಯ. ಅದು ಓಡುತ್ತಿದ್ದುದು ಲಿನಕ್ಸ್ ಮೇಲೆ. ಆದುದರಿಂದ ತಮಗೆ ಬೇಕಾದಂತೆ ಅದನ್ನು ತಿದ್ದಿಕೊಳ್ಳಲು ಅವರು ಯಾರನ್ನೂ ಬೇಡಬೇಕಾಗಿರಲಿಲ್ಲ. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ ಎಂಬುದು ನಿಜ. ಆದರೆ ಅದಕ್ಕಾಗಿ ರಮೇಶ್ ಹರಿಹರನ್ ಅವರು ಆರಂಭಿಸಿದ ‘ಧ್ವನಿ’ ಎಂಬ ತಂತ್ರಾಂಶ, ಬರಹವನ್ನು ಓದಿ ಹೇಳುವಂಥದು, ಮುಕ್ತವಾಗಿದ್ದ ಕಾರಣ ಬೇರೆಯವರ ಕೈಯಲ್ಲಿ ಮುಂದುವರಿಯಿತು. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳನ್ನು ಮಾತಾಡಿತು. ಗಿಡ ಒಣಗಿದರೂ ಬೀಜ ಉಳಿಯಿತು.

ಇನ್ನೊಂದು ನಿದರ್ಶನ ಗಡಿಯಾಚೆಯದು, ಆದರೂ ನಮ್ಮದೇ. ಕೇರಳ ರಾಜ್ಯವು 2001ರಲ್ಲಿ ಶಾಲೆಗಳಿಗಾಗಿ ಮಾಹಿತಿ ತಂತ್ರಜ್ಞಾನದ ಯೋಜನೆಯೊಂದನ್ನು ಆರಂಭಿಸಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯ ರೂಪ ತಳೆಯಿತು. ಅಲ್ಲಿಯ ಸರಕಾರಿ ಶಾಲೆಗಳ ಪಾಠ, ಪ್ರಾಯೋಗಿಕ ಪರೀಕ್ಷೆ ಎರಡೂ ಲಿನಕ್ಸ್ ಆಧಾರದ ಮುಕ್ತ ತಂತ್ರಾಂಶದ ಮೇಲೆ ನಡೆಯುತ್ತವೆ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ವಿಷಯದ ಪಠ್ಯಪುಸ್ತಕ ಕನ್ನಡದಲ್ಲಿಯೇ ಇದೆ. ಅಂದರೆ, ಹದಿಮೂರು ಹದಿನಾಲ್ಕರ ಕನ್ನಡದ ಹುಡುಗಿಯೊಬ್ಬಳು ಪ್ರೌಢಶಾಲೆಯಲ್ಲಿಯೇ, ತನ್ನ ಮಾತೃಭಾಷೆಯಲ್ಲಿಯೇ ಲಿನಕ್ಸ್‌ನ ಒಡನಾಟ ಪಡೆಯುತ್ತಾಳೆ. ನಮ್ಮ ಕಡೆಯ ವಿದ್ಯಾರ್ಥಿಗೆ ಆ ಹೆಸರು ಮೊದಲು ಕಿವಿಗೆ ಬೀಳುವುದು ಹೆಚ್ಚಾಗಿ ಇಂಜಿನಿಯರಿಂಗಿನ ಎರಡನೆಯ ವರ್ಷದಲ್ಲಿ, ಒಂದು ವಿಷಯದ ಸಂಕೇತಾಂಕವಾಗಿ. ಬುದ್ಧಿಯಲ್ಲಿ ಭೇದವಿಲ್ಲ, ಅವಕಾಶ ಒದಗಿದ ಕಾಲದಲ್ಲಿ ಭೇದವಿದೆ.

ಈ ಅಂತರವನ್ನು ತುಂಬಿಕೊಳ್ಳುವುದು ಹೇಗೆ? ವಿದ್ಯಾರ್ಥಿ ಮಿತ್ರರಿಗೆ ಕೆಲವು ವ್ಯಾವಹಾರಿಕ ಸೂಚನೆಗಳನ್ನು ಕೊಡುತ್ತೇನೆ. ಮೊದಲ ದಿನವೇ ಯಂತ್ರದಲ್ಲಿರುವುದನ್ನು ಅಳಿಸಿ ಲಿನಕ್ಸ್ ಹಾಕುವ ಸಾಹಸ ಬೇಡ. ಪೆನ್‌ಡ್ರೈವಿನಲ್ಲಿ ಅದನ್ನು ತುಂಬಿಕೊಂಡು, ಅದರಿಂದಲೇ ಯಂತ್ರವನ್ನು ಎಬ್ಬಿಸಿ ನೋಡಬಹುದು; ಡಿಸ್ಕಿನಲ್ಲಿರುವುದಕ್ಕೆ ಕೈ ಹಚ್ಚಬೇಕಾಗಿಲ್ಲ. ಪರದೆ, ಧ್ವನಿ, ನಿಸ್ತಂತು ಜಾಲ ಸರಿಯಾಗಿ ನಡೆಯುತ್ತವೆಯೇ ಎಂದು ಅಲ್ಲಿಯೇ ಪರೀಕ್ಷಿಸಿರಿ. ಒಪ್ಪಿಗೆಯಾದರೆ, ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಟ್ಟುಕೊಂಡ ಬಳಿಕವೇ ಡಿಸ್ಕನ್ನು ಪಾಲು ಮಾಡಿ ಎರಡು ವ್ಯವಸ್ಥೆಗಳನ್ನೂ ಇಡಿರಿ. ಪಾಲು ಮಾಡುವಾಗ ಒಂದು ತಪ್ಪು ಗುಂಡಿ ಒತ್ತಿದರೆ ಮನೆಯವರ ಮದುವೆಯ ಚಿತ್ರಗಳೂ ಹೋದಾವು. ಆದುದರಿಂದ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಲೇಸು. ಎಂಟು ಜಿಬಿಗೆ ಮೇಲ್ಪಟ್ಟು ಸ್ಮರಣೆಯುಳ್ಳ ಯಂತ್ರದಲ್ಲಿ, ವಿಂಡೋಸ್‌ನ ಒಳಗೇ ಲಿನಕ್ಸನ್ನು ಓಡಿಸುವ ದಾರಿಯೂ ಇದೆ.

ಹಾಕಿದ ಮೇಲೆ ಮುಖ್ಯವಾದುದು ಬಳಕೆ. ಒಂದು ಸೆಮಿಸ್ಟರು ಪೂರ್ತಿ ನಿಮ್ಮ ಪ್ರಯೋಗಶಾಲೆಯ ಪ್ರೋಗ್ರಾಮುಗಳನ್ನೆಲ್ಲ ಲಿನಕ್ಸ್‌ನಲ್ಲಿಯೇ ಬರೆದು ಓಡಿಸಿರಿ. ಬಣ್ಣದ ಗುಂಡಿಗಳ ನೆರವಿಲ್ಲದೆ, ‘ಜಿಸಿಸಿ’ ಎಂಬ ಸಂಕಲಕಕ್ಕೆ ಆಜ್ಞೆಯನ್ನು ಕೈಯಿಂದಲೇ ಕೊಡಿರಿ. ದೋಷ ಬಂದರೆ ಅದರ ಸಂದೇಶವನ್ನು ಓದುವ ತಾಳ್ಮೆ ಬರುತ್ತದೆ. ಟೋರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ‘ಗಿಟ್’ ಎಂಬ ಸಾಧನದಲ್ಲಿ ನಿಮ್ಮ ಕೆಲಸದ ಪ್ರತಿ ಹಂತವನ್ನೂ ದಾಖಲಿಸುವ ಅಭ್ಯಾಸ ಮಾಡಿಕೊಳ್ಳಿರಿ. ‘ಮ್ಯಾನ್’ ಎಂದು ಬರೆದು ಪಕ್ಕದಲ್ಲಿ ಆಜ್ಞೆಯ ಹೆಸರನ್ನು ಕೊಟ್ಟರೆ ಅದರ ಕೈಪಿಡಿ ತೆರೆಯುತ್ತದೆ. ಯಾರನ್ನಾದರೂ ಕೇಳುವ ಮೊದಲು ಅದನ್ನು ಓದಿರಿ. ಮುಂಬಯಿಯ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’ ಪಾಠಗಳಲ್ಲಿ ಕನ್ನಡ ಧ್ವನಿಯಲ್ಲಿ ದೊರೆಯುವವೂ ಇವೆ. ಒಂದು ಎಚ್ಚರಿಕೆ: ವಾರಕ್ಕೊಂದು ಬಗೆಯ ಲಿನಕ್ಸ್ ಬದಲಾಯಿಸುತ್ತ, ಪರದೆಯ ಅಲಂಕಾರದಲ್ಲಿ ರಾತ್ರಿ ಕಳೆಯುವುದನ್ನು ಕಲಿಕೆಯೆಂದು ಭ್ರಮಿಸುವವರು ಬಹಳ. ಉಳುವವನು ನೇಗಿಲಿಗೆ ಬಣ್ಣ ಬಳಿಯುತ್ತ ಕುಳಿತರೆ ಹದ ಮೀರಿಹೋಗುತ್ತದೆ.

ಕಾಲೇಜುಗಳ ಹೊಣೆಯೂ ಕಡಮೆಯಲ್ಲ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು 1958ರಲ್ಲಿ ಕಲಬುರಗಿಯಲ್ಲಿ ಪೂಜ್ಯ ದೊಡ್ಡಪ್ಪ ಅಪ್ಪ ಇಂಜಿನಿಯರಿಂಗ್ ಕಾಲೇಜನ್ನು ತೆರೆದಾಗ, ಈ ಭಾಗದ ಮಕ್ಕಳು ತಾಂತ್ರಿಕ ವಿದ್ಯೆಗೆ ದೂರದ ಊರುಗಳಿಗೆ ಹೋಗುವ ಕಷ್ಟ ತಪ್ಪಿತು. ಸಂವಿಧಾನದ 371(ಜೆ) ವಿಧಿಯ ಮೂಲಕ 2013ರಿಂದೀಚೆಗೆ ಈ ಭಾಗದವರಿಗೆ ವಿದ್ಯಾಸಂಸ್ಥೆಗಳಲ್ಲಿ, ಉದ್ಯೋಗದಲ್ಲಿ ಮೀಸಲು ಪಾಲು ದೊರೆತಿದೆ. ಇವೆಲ್ಲ ಬಾಗಿಲವರೆಗೆ ತಂದು ಬಿಡುವ ಉಪಕಾರಗಳು. ಒಳಗೆ ಹೋಗಿ ದಕ್ಕಿಸಿಕೊಳ್ಳಬೇಕಾದುದು ವಿದ್ಯೆ. ಪ್ರಯೋಗಶಾಲೆಯ ಅವಧಿಯಲ್ಲಿ ಸಿದ್ಧ ಪ್ರೋಗ್ರಾಮನ್ನು ದಾಖಲೆಪುಸ್ತಕಕ್ಕೆ ನಕಲು ಮಾಡಿಸಿ ಅಂಕ ಕೊಡುವ ಪದ್ಧತಿ ಎಲ್ಲಿಯವರೆಗೆ ಇರುವುದೋ, ಅಲ್ಲಿಯವರೆಗೆ ಯಾವ ವ್ಯವಸ್ಥೆಯನ್ನು ಹಾಕಿದರೂ ಫಲವಿಲ್ಲ. ಓಡುತ್ತಿರುವ ಲಿನಕ್ಸ್ ಯಂತ್ರವೊಂದನ್ನು ಕೆಡಿಸಿಟ್ಟು, ಸರಿಪಡಿಸಿ ತೋರಿಸು ಎಂದು ಪರೀಕ್ಷಕರು ಕೇಳಲಿ. ವಾರಕ್ಕೊಂದು ಸಂಜೆ ಪ್ರಯೋಗಶಾಲೆಯನ್ನು ತೆರೆದಿಟ್ಟು, ಮೇಲಿನ ತರಗತಿಯವರು ಕೆಳಗಿನವರಿಗೆ ಹೇಳಿಕೊಡುವಂತೆ ಅಧ್ಯಾಪಕರು ಏರ್ಪಡಿಸಲಿ. ಇದಕ್ಕೆ ಹಣಕ್ಕಿಂತ ಮನಸ್ಸು ಹೆಚ್ಚು ಬೇಕು. ಶರಣಬಸವೇಶ್ವರರ ದಾಸೋಹದ ನೆನಪನ್ನು ಉಳಿಸಿಕೊಂಡಿರುವ ಈ ಊರಿಗೆ, ಹಂಚಿ ಉಣ್ಣುವುದನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ.

ಮನೆಯವರು ಒಂದು ಪ್ರಶ್ನೆಯನ್ನಂತೂ ಕೇಳಿಯೇ ಕೇಳುತ್ತಾರೆ: ಇದರಿಂದ ಕೆಲಸ ಸಿಕ್ಕೀತೇ? ಲಿನಕ್ಸ್ 1991ರಲ್ಲಿ ಹುಟ್ಟಿತು. ಅದರ ಹಿಂದಿನವು ಮರೆಯಾದಂತೆ ಮುಂದೊಂದು ದಿನ ಅದೂ ಮರೆಯಾಗಬಹುದು. ಒಂದು ತಂತ್ರಾಂಶದ ಹೆಸರನ್ನು ಬಾಯಿಪಾಠ ಮಾಡಿ ಪಡೆದ ಕೆಲಸ ಆ ತಂತ್ರಾಂಶದಷ್ಟೇ ಕಾಲ ಬಾಳುತ್ತದೆ. ಆದರೆ ವ್ಯವಸ್ಥೆಯೊಂದರ ಒಳಗನ್ನು ಬಿಚ್ಚಿ ನೋಡಿ, ಕೆಡಿಸಿ, ಕಟ್ಟಿ ಕಲಿತವರಿಗೆ ನಾಳೆ ಬರುವ ವ್ಯವಸ್ಥೆಯೂ ಅಪರಿಚಿತವಾಗುವುದಿಲ್ಲ. ಶಹಾಬಜಾರದ ಮನೆಯ ಮೂಲೆಯಲ್ಲಿ ಧೂಳು ಹಿಡಿದು ಕೂತ ಹಳೆಯ ಕಂಪ್ಯೂಟರಿನಲ್ಲಿ ಆ ಕಲಿಕೆಗೆ ಬೇಕಾದುದೆಲ್ಲ ಇದೆ. ಈ ರಜೆಯಲ್ಲಿ ಅದರ ಧೂಳು ಒರೆಸಿರಿ.